ಕತ್ತರಿಸಿದ ಎಂಟು ಸಾಲು

ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ನಾನು ಸೇರಿದ್ದು 1981ರಲ್ಲಿ. ಮೊಳೆ ಜೋಡಿಸುವ ಕಾಲ ಇನ್ನೂ ಮುಗಿದಿರಲಿಲ್ಲ. ಕಂಪೋಸಿಂಗ್ ಕೋಣೆಯಲ್ಲಿ ಖಾನೆಗಳ ಮುಂದೆ ನಿಂತವರು ಒಂದೊಂದೇ ಅಕ್ಷರ ಹೆಕ್ಕಿ ಸಾಲು ಕಟ್ಟುತ್ತಿದ್ದರು. ಮಸಿ ಆರದ ಗ್ಯಾಲಿ ಪ್ರೂಫು ಉದ್ದುದ್ದ ಪಟ್ಟಿಗಳಾಗಿ ನನ್ನ ಮೇಜಿಗೆ ಬರುತ್ತಿತ್ತು. ವಾರಕ್ಕೆ ಎರಡು ಕಥೆ, ಧಾರಾವಾಹಿಯ ಒಂದು ಕಂತು. ಒತ್ತು, ದೀರ್ಘ, ಮಹಾಪ್ರಾಣ ಸರಿಯಾಗಿದೆಯೇ ಎಂದು ನೋಡುವುದು ನನ್ನ ಕೆಲಸ. ಕಥೆ ಚೆನ್ನಾಗಿದೆಯೋ ಇಲ್ಲವೋ ಎಂದು ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಆದರೂ ಒಂದೇ ಕಥೆಯನ್ನು ಮೂರು ಸಲ, ಅದೂ ಅಕ್ಷರ ಅಕ್ಷರವಾಗಿ ಓದುವವಳಿಗೆ ಉಳಿದವರ ಕಣ್ಣಿಗೆ ಬೀಳದ ಕೆಲವು ಸಂಗತಿಗಳು ಕಾಣುತ್ತವೆ.

ಕಥೆಯ ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ಕಡೆ ಮೂರು ಸ್ಟಾರ್ ಹಾಕುವುದು ಆಗಿನ ರೂಢಿ. ಕಂಪೋಸಿಟರ್ ಮರೆತಿದ್ದರೆ ಅಂಚಿನಲ್ಲಿ ಗುರುತು ಮಾಡಿ ಕಳಿಸುತ್ತಿದ್ದೆ. ಸೇರಿದ ಆರು ತಿಂಗಳೊಳಗೆ ಅವುಗಳ ಬಗ್ಗೆ ನನಗೊಂದು ವಿಷಯ ಗೊತ್ತಾಯಿತು. ಸ್ಟಾರಿನ ಮೇಲಿನ ಸಾಲಿನಲ್ಲಿ ಗಂಡ ಕೈ ಎತ್ತಿರುತ್ತಾನೆ. ಕೆಳಗಿನ ಸಾಲಿನಲ್ಲಿ ಅವಳು ತವರಿನ ಬಸ್ಸು ಹತ್ತಿರುತ್ತಾಳೆ, ಇಲ್ಲವೇ ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಬಿಡುತ್ತಾಳೆ, ಇಲ್ಲವೇ ಬೆಳಗಾಗುತ್ತಲೇ ಬಾವಿಕಟ್ಟೆಯ ಸುತ್ತ ಜನ ಸೇರಿರುತ್ತಾರೆ. ಹೊಡೆತ ಬಿದ್ದದ್ದು ಆ ಮೂರು ಸ್ಟಾರಿನ ಜಾಗದಲ್ಲಿ. ಎಲ್ಲ ಕಥೆಗಳೂ ಹೀಗಿದ್ದವು ಎಂದು ಹೇಳುತ್ತಿಲ್ಲ. ಆದರೆ ವಾರ ವಾರ ಅಂಚೆಯಲ್ಲಿ ಬಂದು ಅಚ್ಚಾಗುತ್ತಿದ್ದ ಸಾಧಾರಣ ಕಥೆಗಳಲ್ಲಿ ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಕೈ ಮೇಲೆದ್ದಿತು ಎಂದು ಓದಿದ ಕೂಡಲೇ ನನ್ನ ಪೆನ್ಸಿಲು ಸ್ಟಾರನ್ನು ಹುಡುಕುತ್ತಿತ್ತು.

ನಮ್ಮ ಮನೆ ಆಗ ಬೆಂಗಳೂರಿನ ಚಾಮರಾಜಪೇಟೆಯ ಒಂದು ವಠಾರದಲ್ಲಿತ್ತು. ಆರು ಮನೆ, ನಡುವೆ ಅಂಗಳ, ಒಂದೇ ನಲ್ಲಿ. ಮನೆಮನೆಯ ನಡುವಿನ ಗೋಡೆ ಹೆಂಚಿನವರೆಗೆ ಏರಿರಲಿಲ್ಲ. ಒಗ್ಗರಣೆಯ ವಾಸನೆ, ಕೆಮ್ಮು, ಮಗುವಿನ ಅಳು ಎಲ್ಲವೂ ಗೋಡೆಯ ಮೇಲಿಂದ ಹಾದು ಬರುತ್ತಿದ್ದವು. ಮೂರನೇ ಮನೆಯಿಂದ ತಿಂಗಳಿಗೆ ಎರಡು ಮೂರು ರಾತ್ರಿ ಬೇರೆ ಸದ್ದು ಬರುತ್ತಿತ್ತು. ಮೊದಲು ಯಜಮಾನರ ಗಂಟಲು, ಆಮೇಲೆ ಪಾತ್ರೆ ಉರುಳಿದ್ದು, ಆಮೇಲೆ ಮಂದವಾದ, ಬಟ್ಟೆ ಒಗೆಯುವಾಗ ಬರುವಂಥ ಸದ್ದು. ಆಕೆ ಕೂಗುತ್ತಿರಲಿಲ್ಲ. ಅಮ್ಮ ಎದ್ದು ಹೋಗಿ ರೇಡಿಯೊದ ಕಿವಿ ತಿರುಗಿಸಿ ದನಿ ಜಾಸ್ತಿ ಮಾಡುತ್ತಿದ್ದರು. ನಮಗೆ ಕೇಳಿಸಬಾರದೆಂದು ಹಾಗೆ ಮಾಡುತ್ತಾರೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಒಂದು ದಿನ ಕೇಳಿಯೇ ಬಿಟ್ಟೆ. "ನಮಗೆ ಕೇಳಿಸ್ತು ಅಂತ ಅವಳಿಗೆ ಗೊತ್ತಾಗಬಾರದು ಕಣೇ, ನಾಳೆ ನಲ್ಲೀಲಿ ಮುಖ ನೋಡಬೇಕಲ್ಲ" ಅಂದರು.

ಮಾರನೆಯ ದಿನ ನಲ್ಲಿಯ ಹತ್ತಿರ ಆಕೆ ತಾನೇ ಮೊದಲು ಹೇಳುತ್ತಿದ್ದರು, "ಕತ್ತಲೇಲಿ ಬಾಗಿಲು ತಗುಲ್ತು ಕಣ್ರೀ." ಯಾರಾದರೊಬ್ಬರು "ಅರಿಸಿನ ಹಚ್ಚಿ, ಇಳಿಯುತ್ತೆ" ಅನ್ನುತ್ತಿದ್ದರು. ಕೊಡ ತುಂಬುತ್ತಿತ್ತು. ಆಕೆ ಒಳಗೆ ಹೋದ ಮೇಲೆ ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಒಮ್ಮೆ ಹಾದುಹೋಗುತ್ತಿತ್ತು. ಆ ಗಾದೆಯಲ್ಲಿ ಜಗಳವಾಡುವವರು ಇಬ್ಬರು. ಮೂರನೇ ಮನೆಯಲ್ಲಿ ಒಬ್ಬರ ದನಿ ಮಾತ್ರ ಕೇಳುತ್ತಿತ್ತು.

ಕರಡು ತಿದ್ದುವವಳ ಮನಸ್ಸು ಶಬ್ದಗಳ ಹಿಂದೆಯೇ ಓಡುತ್ತದೆ. ಹಿಂಸೆ ಎಂಬ ಶಬ್ದವನ್ನು ನಾವು ಆಗಲೂ ದಿನಕ್ಕೆ ಹತ್ತು ಸಲ ಆಡುತ್ತಿದ್ದೆವು. ರವಿಕೆ ಬಿಗಿಯಾದರೆ ಹಿಂಸೆ, ಬಸ್ಸಿನಲ್ಲಿ ನಿಂತು ಬಂದರೆ ಹಿಂಸೆ, ಗುರುತಿಲ್ಲದವರ ಮನೆಯಲ್ಲಿ ಊಟಕ್ಕೆ ಕೂತರೆ ಹಿಂಸೆ. ಪತ್ರಿಕೆಯ ಪುಟಗಳಲ್ಲಿ ಅದು ದೊಡ್ಡ ಶಬ್ದ. ಗಲಭೆ, ಗೋಲಿಬಾರು, ಗಾಂಧೀಜಯಂತಿಯ ಲೇಖನ ಇವುಗಳಿಗೆ ಮೀಸಲು. ಹೊಡೆಸಿಕೊಂಡ ಹೆಂಡತಿಯ ವಿಷಯಕ್ಕೆ ಬಂದಾಗ ಮಾತ್ರ ಅದು ಬಾಯಿಗೆ ಬರುತ್ತಿರಲಿಲ್ಲ. ಅಲ್ಲಿ "ಅವರಿಗೆ ಸ್ವಲ್ಪ ಕೋಪ ಜಾಸ್ತಿ", ಅಲ್ಲಿ "ಒಂದೇಟು ಹಾಕಿದರಂತೆ". ಇನ್ನು ಹುಡುಗರ ಬೆನ್ನಿನ ಮೇಲೆ ಬೀಳುತ್ತಿದ್ದ ಛಡಿಯೇಟು, ಹಿಂದಿನ ಕೂಲಿಮಠಗಳ ಕೋದಂಡ ಇವೆಲ್ಲ ನಮ್ಮ ಕಥೆಗಳಲ್ಲಿ, ಬಾಲ್ಯದ ನೆನಪಿನ ಬರಹಗಳಲ್ಲಿ ನಗಿಸುವ ಪ್ರಸಂಗಗಳು. ಮೇಷ್ಟರ ಬೆತ್ತಕ್ಕೆ ಎಣ್ಣೆ ಹಚ್ಚಿಟ್ಟ ವಿವರ ಓದಿ ನಾನೂ ನಕ್ಕಿದ್ದೇನೆ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂದು ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದ ಮೇಲೆ ಆ ಬರಹಗಳನ್ನು ಮತ್ತೆ ಓದಿದರೆ ನಗು ಬರುವುದಿಲ್ಲ. ಬರಹ ಬದಲಾಗಿಲ್ಲ, ನಾವು ನಿಂತ ಜಾಗ ಬದಲಾಗಿದೆ.

ಆಗಿನ ಒಳ್ಳೆಯ ಪುಸ್ತಕಗಳ ಮಾತು ಬೇರೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' 1976ರಲ್ಲೇ ಬಂದಿತ್ತು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದಾಗ ವಠಾರದ ಹೆಂಗಸರೆಲ್ಲ ಅದರ ವಿಷಯ ಮಾತಾಡಿದ್ದು ನೆನಪಿದೆ. ಬಾಲವಿಧವೆಯ ತಲೆ ಬೋಳಿಸುವುದು ಅಲ್ಲಿ ಯಾರದೋ ಸಿಟ್ಟಿನಿಂದ ನಡೆಯುವ ಕೆಲಸವಲ್ಲ. ಯಾರೂ ಕೂಗಾಡುವುದಿಲ್ಲ, ಯಾರೂ ಕೈ ಎತ್ತುವುದಿಲ್ಲ. ಮುಹೂರ್ತ ನೋಡಿ, ಶಾಸ್ತ್ರ ಕೇಳಿ, ಮಡಿಯಲ್ಲಿ ಮಾಡುತ್ತಾರೆ. ಮುಂದಿನ ತಲೆಮಾರಿನ ದಾಕ್ಷಾಯಿಣಿ ಕ್ಷೌರಿಕನ ಮುಂದೆ ಕೂರಲು ಒಲ್ಲೆ ಎಂದಾಗ, ಆವರೆಗೆ ಎಲ್ಲವನ್ನೂ ಮೌನವಾಗಿ ಸಹಿಸಿಕೊಂಡು ಬಂದ ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ಎಂಬತ್ತರ ದಶಕದ ಆರಂಭದಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂತು. ಅಪ್ಪನ ಹಟಕ್ಕೆ ಸಿಕ್ಕಿ ತಲಾಖ್ ಆದ ನಾದಿರಾಳಿಗೆ ಮೊದಲ ಗಂಡನ ಮನೆಗೇ ಹಿಂತಿರುಗುವ ಆಸೆ. ಹಾಗೆ ಹೋಗಬೇಕಾದರೆ ನಡುವೆ ಇನ್ನೊಬ್ಬನ ಹೆಂಡತಿಯಾಗಿ ಒಂದು ರಾತ್ರಿ ಕಳೆದು ಬರಬೇಕು. ಅವಳು ಮಸೀದಿಯ ಕೆರೆಗೆ ಇಳಿಯುತ್ತಾಳೆ. ನಮ್ಮ ಕಚೇರಿಯಲ್ಲಿ ಇದನ್ನು ಓದಿದ ಗಂಡಸರು "ಪಾಪ, ಅವರಲ್ಲಿ ಹಾಗೆ" ಅಂದರು. 'ಫಣಿಯಮ್ಮ' ಓದಿದ ಅವರೇ "ಪಾಪ, ಆ ಕಾಲದಲ್ಲಿ ಹಾಗೆ" ಅಂದಿದ್ದರು. ಒಂದು ಬೇರೆಯವರ ಮನೆ, ಇನ್ನೊಂದು ಹಳೆಯ ಕಾಲ. ನಮ್ಮ ಮನೆ, ಈಗಿನ ಕಾಲ ಎಂದು ಯಾರಿಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ.

ಹೊಡೆತವೇ ಇಲ್ಲದೆ ಹಿಂಸೆಯನ್ನು ಬರೆಯುವುದನ್ನು ಕನ್ನಡಕ್ಕೆ ಇವತ್ತಿನವರು ಹೊಸದಾಗಿ ತಂದರು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತೇಜಸ್ವಿಯವರ 'ತಬರನ ಕಥೆ'ಯಲ್ಲಿ ಯಾರೂ ಯಾರಿಗೂ ಹೊಡೆಯುವುದಿಲ್ಲ. ಪಿಂಚಣಿಯ ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವುದಿಲ್ಲ, ಅಷ್ಟೆ. ಅಷ್ಟರಲ್ಲಿ ಮನೆಯಲ್ಲಿ ಹೆಂಡತಿಯ ಕಾಲು ಕೊಳೆಯುತ್ತದೆ. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಮನೆಯವರೆಲ್ಲ ಒಲೆಯ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುವ ರಾತ್ರಿಯಿದೆಯಲ್ಲ, ಅಷ್ಟು ಸಂತೋಷದ ರಾತ್ರಿಯನ್ನು ಕನ್ನಡದಲ್ಲಿ ನಾನು ಹೆಚ್ಚು ಓದಿಲ್ಲ. ಬೆಳಗಾದರೆ ಪೊಲೀಸರು ಬಂದು ಆ ಗುಡಿಸಲನ್ನು ಜಾಲಾಡುತ್ತಾರೆ. ಅವರು ಅದನ್ನು ದಿನನಿತ್ಯದ ಕೆಲಸದ ಹಾಗೆ ಮಾಡುತ್ತಾರೆ, ಭಯ ಇರುವುದು ಅಲ್ಲಿ. ಈ ಎರಡು ಕೃತಿಗಳನ್ನೂ ನಾವು ಮೆಚ್ಚಿದೆವು. ಮೆಚ್ಚಿ, ಒಂದಕ್ಕೆ ಕಚೇರಿಯ ಕಥೆ, ಇನ್ನೊಂದಕ್ಕೆ ದಲಿತ ಕಥೆ ಎಂದು ಹೆಸರು ಹಚ್ಚಿ ಕಪಾಟಿನಲ್ಲಿಟ್ಟೆವು. ಅದೇ ಕಣ್ಣನ್ನು ನಮ್ಮ ಊಟದ ಮನೆಯ ಕಡೆಗೆ ತಿರುಗಿಸಬಹುದು ಎಂದು ತೋರಲಿಲ್ಲ. ತಿರುಗಿಸಿದ ಹೆಂಗಸರ ಬರಹಕ್ಕೆ "ಅಡುಗೆಮನೆ ಸಾಹಿತ್ಯ" ಎಂಬ ಹೆಸರು ಮೊದಲೇ ಸಿದ್ಧವಾಗಿತ್ತು. ವೈದೇಹಿಯವರ ಅಕ್ಕು ಬಂದಾಗಲೂ ಅವಳ ತಲೆ ಸರಿಯಿಲ್ಲ ಎಂಬ ಮನೆಯವರ ಮಾತನ್ನೇ ನಂಬಿ ಓದಿದವರಿದ್ದರು. ಮನೆಯವರು ಎಲ್ಲರೂ ಸೇರಿ ಒಬ್ಬಳ ತಲೆ ಸರಿಯಿಲ್ಲ ಎಂದು ತೀರ್ಮಾನ ಮಾಡುವುದೇ ಆ ಕಥೆಯ ಏಟು ಎಂದು ನನಗೆ ತಿಳಿಯಲು ಎರಡನೆಯ ಓದು, ಅದೂ ಹದಿನೈದು ವರ್ಷದ ಮೇಲಿನ ಓದು ಬೇಕಾಯಿತು.

ಈಗ ಆ ಎಂಟು ಸಾಲಿನ ವಿಷಯ.

1984ರ ಕೊನೆಯ ತಿಂಗಳುಗಳು. ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರಿನಿಂದ ಒಬ್ಬ ಹೆಣ್ಣುಮಗಳು ಕಥೆ ಕಳಿಸಿದ್ದರು. ಗೆರೆ ಹಾಕಿದ ಹಾಳೆ, ಒಂದೇ ಮಗ್ಗುಲಲ್ಲಿ ದುಂಡು ಅಕ್ಷರ, ಜೊತೆಗೆ ಅಂಚೆಚೀಟಿ ಅಂಟಿಸಿದ ಸ್ವವಿಳಾಸದ ಲಕೋಟೆ. ವಿಷಾದಪತ್ರಕ್ಕೆ ತಯಾರಾಗಿಯೇ ಕಳಿಸಿದ್ದರು. ಸಂಪಾದಕರಿಗೆ ಕಥೆ ಹಿಡಿಸಿತು, ಕಂಪೋಸ್ ಆಯಿತು, ಪುಟ ಕಟ್ಟುವ ಹೊತ್ತಿಗೆ ಒಂದು ಜಾಹೀರಾತು ಬಂತು. ಕಥೆ ಎಂಟು ಸಾಲು ಹೆಚ್ಚಾಯಿತು. "ಎಲ್ಲಾದರೂ ಎಂಟು ಸಾಲು ತೆಗೆಯಮ್ಮ" ಎಂದು ಪ್ರೂಫು ನನ್ನ ಮುಂದೆ ಇಟ್ಟು ಹೋದರು. ಇದು ಆಗಾಗ ನಡೆಯುತ್ತಿದ್ದದ್ದೇ. ಮಳೆಯ ವರ್ಣನೆ, ಸಂಜೆಯ ವರ್ಣನೆ ಇಂಥವುಗಳಿಗೆ ಕತ್ತರಿ ಹಾಕುತ್ತಿದ್ದೆ. ಆ ಕಥೆಯಲ್ಲಿ ವರ್ಣನೆ ಇರಲಿಲ್ಲ. ಎಲ್ಲವೂ ಬೇಕಾದ ಮಾತೇ. ಊಟಕ್ಕೆ ಕೂತ ಗಂಡ ಹೆಂಡತಿಗೆ ಹೊಡೆಯುವ ಕಡೆ ಎಂಟು ಸಾಲು ಇತ್ತು. ಅದನ್ನು ತೆಗೆದರೂ ಕಥೆ ನಿಲ್ಲುತ್ತದೆ ಎಂದು ನನಗೆ ಅನ್ನಿಸಿತು. ಅವನು ಹೊಡೆದ ಎಂಬುದು ಮುಂದಿನ ಭಾಗದಲ್ಲಿ ಹೇಗೂ ತಿಳಿಯುತ್ತದಲ್ಲ. ತೆಗೆದೆ. ಅಲ್ಲಿ ಮೂರು ಸ್ಟಾರ್ ಹಾಕಿದೆ. ಸ್ಟಾರಿಗೆ ಒಂದು ಸಾಲಿನ ಜಾಗ ಬೇಕಾದ್ದರಿಂದ ಬೇರೆ ಕಡೆ ಇನ್ನೊಂದು ಸಾಲು ಉಳಿಸಿಕೊಂಡೆ. ಪುಟ ಸರಿಹೋಯಿತು.

ಗೌರವಧನದ ಮನಿಯಾರ್ಡರು ಸೇರಿದ ಮೇಲೆ ಆಕೆಯಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ವಂದನೆ ಹೇಳಿದ್ದರು. ನಡುವೆ ಕೆಲವು ಸಾಲು ಅಚ್ಚಾಗಿಲ್ಲ, ಇರಲಿ, ಎಂದು ಬರೆದಿದ್ದರು. ಸಂಪಾದಕರು ಅದನ್ನು ಓದಿ ನನ್ನ ಮೇಜಿಗೆ ಕಳಿಸಿದರು. ನಾನು ಉತ್ತರ ಬರೆಯಲಿಲ್ಲ. ಆಕೆಯ ಹೆಸರಿನಲ್ಲಿ ಇನ್ನೊಂದು ಕಥೆ ಆಮೇಲೆ ನಮಗೆ ಬರಲೇ ಇಲ್ಲ.

ಅದೇ ವರ್ಷಗಳಲ್ಲಿ ದಿನಪತ್ರಿಕೆಗಳ ಒಳಪುಟದಲ್ಲಿ ಬರುತ್ತಿದ್ದ ಸುದ್ದಿಯ ಶೀರ್ಷಿಕೆ ನನ್ನ ವಯಸ್ಸಿನವರಿಗೆಲ್ಲ ನೆನಪಿರುತ್ತದೆ: ಸ್ಟವ್ ಸಿಡಿದು ಗೃಹಿಣಿ ಸಾವು. ಆರು ಸಾಲಿನ ಸುದ್ದಿ. ಸೀಮೆಎಣ್ಣೆ ಸ್ಟವ್ ಎಲ್ಲರ ಮನೆಯಲ್ಲೂ ಇತ್ತು. ಮಾವಂದಿರೂ ಮೈದುನರೂ ಕಾಫಿ ಕಾಯಿಸಿಕೊಳ್ಳುತ್ತಿದ್ದರು. ಸಿಡಿಯುತ್ತಿದ್ದದ್ದು ಮಾತ್ರ ಸೊಸೆ ಮುಂದೆ ಕೂತಾಗಲೇ. ಹೆಂಡತಿಯ ಮೇಲೆ ಗಂಡ ಮತ್ತು ಅವನ ಮನೆಯವರು ನಡೆಸುವ ಕ್ರೌರ್ಯವನ್ನು ಅಪರಾಧವೆಂದು ಹೇಳಿದ 498ಎ ಕಲಮು ಆಗಿನ ದಂಡಸಂಹಿತೆಗೆ ಸೇರಿದ್ದು 1983ರಲ್ಲಿ, ವರದಕ್ಷಿಣೆ ಸಾವಿಗೆ ಪ್ರತ್ಯೇಕ ಕಲಮು ಬಂದದ್ದು 1986ರಲ್ಲಿ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಮಹಿಳೆಯರು ಇಂಥ 'ಅಸಹಜ ಸಾವು'ಗಳ ಬೆನ್ನುಹತ್ತಿ ಪ್ರಶ್ನೆ ಕೇಳತೊಡಗಿದ ಮೇಲೆ ಆ ಶೀರ್ಷಿಕೆ ನಿಧಾನವಾಗಿ ಕಡಿಮೆಯಾಯಿತು. ನಾನು ತಿದ್ದಿದ ಕಥೆಗಳಲ್ಲೂ ಸ್ಟವ್ ಸಿಡಿದಿದೆ. ಸಿಡಿದದ್ದು ಎಲ್ಲಿ ಎಂದು ಮತ್ತೆ ಹೇಳಬೇಕಾಗಿಲ್ಲ.

2005ರ ಕಾಯ್ದೆಯ ಜೊತೆಗೆ "ಕೌಟುಂಬಿಕ ದೌರ್ಜನ್ಯ" ಎಂಬ ಜೋಡಿಪದ ನನ್ನ ಮೇಜಿಗೆ ಮೇಲಿಂದ ಮೇಲೆ ಬರತೊಡಗಿತು. ಆಗ ಮೊಳೆ ಹೋಗಿ, ಡಿಟಿಪಿ ಬಂದು ಹಳತಾಗಿತ್ತು. ದೌರ್ಜನ್ಯದ ಅರ್ಕವನ್ನು ಎಷ್ಟೋ ಸಲ ತಿದ್ದಿದ್ದೇನೆ. ಹೊಡೆತ ಮಾತ್ರವಲ್ಲ, ಬೈಗುಳ, ಅವಮಾನ, ದುಡ್ಡು ಕೊಡದೆ ಕಾಡಿಸುವುದು, ಮೈಮೇಲಿನ ಬಲಾತ್ಕಾರ ಎಲ್ಲವನ್ನೂ ಆ ಕಾಯ್ದೆ ದೌರ್ಜನ್ಯ ಎಂದೇ ಕರೆಯಿತು. ಕಾನೂನು ಬರೆದವರು ಕಥೆಗಾರರಿಗಿಂತ ಮುಂದೆ ಹೋಗಿದ್ದಾರಲ್ಲ ಎಂದು ಅದನ್ನು ಮೊದಲ ಸಲ ಪೂರ್ತಿ ಓದಿದಾಗ ಅನ್ನಿಸಿತ್ತು.

ಕಥೆಗಾರರು ಹಿಂದೆ ಉಳಿಯಲಿಲ್ಲ. ವಿವೇಕ ಶಾನಭಾಗರ 'ಘಾಚರ್ ಘೋಚರ್' 2013ರಲ್ಲಿ ಬಂತು. ಅದನ್ನು ನಾನು ಓದಿದ್ದು ಕೆಲಸಕ್ಕಾಗಿ ಅಲ್ಲ, ಹಾಗೇ. ಆದರೂ ಮೂರು ಸಲ ಓದಿದೆ. ಬೆಂಗಳೂರಿನ ಒಂದು ಮನೆ. ಅಪ್ಪ ಕೆಲಸ ಕಳೆದುಕೊಂಡ ಮೇಲೆ ಚಿಕ್ಕಪ್ಪ ಮಸಾಲೆ ವ್ಯಾಪಾರ ಶುರುಮಾಡಿ, ಮನೆಗೆ ದುಡ್ಡು ಬಂದಿದೆ. ಬಡತನದ ದಿನಗಳಲ್ಲಿ ಹಳೆಯ ಮನೆಯಲ್ಲಿ ಇರುವೆ ಕಾಟ. ಆ ಕುಟುಂಬದವರು ಇರುವೆಗಳನ್ನು ಕೊಲ್ಲುವ ಭಾಗವನ್ನು ಮೊದಲ ಸಲ ಓದಿದಾಗ ನಮ್ಮ ವಠಾರದ ಮನೆ ನೆನಪಾಗಿ ಹಾಯಾಗಿ ಓದಿದೆ. ನಾವೂ ಸೀಮೆಸುಣ್ಣದ ಗೆರೆ ಎಳೆದವರೇ, ಇರುವೆ ಹೊಸಕಿದವರೇ. ಎರಡನೆಯ ಸಲ ಓದುವಾಗ ಆ ಹಾಯೇ ಕಸಿವಿಸಿ ಮಾಡಿತು. ಕೊಲ್ಲುವುದು ಮನೆಗೆಲಸದ ಹಾಗೆ ಕೈಗೆ ಹತ್ತಿದ್ದನ್ನು, ಅದರಲ್ಲಿ ಒಂದು ಖುಷಿ ಇದ್ದದ್ದನ್ನು ಓದುಗರಿಂದಲೇ ಒಪ್ಪಿಸಿಕೊಂಡ ಮೇಲೆ ಆ ಪುಸ್ತಕ ಮುಂದೆ ಹೋಗುತ್ತದೆ.

ಮುಂದೆ ಒಂದು ದಿನ ಒಬ್ಬಳು ಹೆಂಗಸು ಡಬ್ಬಿಯಲ್ಲಿ ಬೇಳೆಸಾರು ಹಿಡಿದು ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬರುತ್ತಾಳೆ. ಅವನಿಗೆ ಇಷ್ಟವೆಂದು ಮಾಡಿ ತಂದಿದ್ದಾಳೆ. ಚಿಕ್ಕಪ್ಪ ಒಳಗಿಂದ ಹೊರಗೆ ಬರುವುದಿಲ್ಲ. ಮನೆಯ ಅಮ್ಮ, ಮಗಳು ಮಾಲತಿ ಇಬ್ಬರೂ ಸೇರಿ ಅವಳನ್ನು ಆಡಬಾರದ ಮಾತು ಆಡಿ ಓಡಿಸುತ್ತಾರೆ, ಸಾರು ನೆಲದ ಪಾಲಾಗುತ್ತದೆ. ಕಥೆ ಹೇಳುತ್ತಿರುವ ಮಗ ಅಲ್ಲೇ ಇದ್ದಾನೆ, ಎಲ್ಲವನ್ನೂ ಕಾಣುತ್ತಿದ್ದಾನೆ, ಸುಮ್ಮನಿದ್ದಾನೆ. ಅವನ ಹೆಂಡತಿ ಅನಿತಾ ಒಬ್ಬಳಿಗೇ ಇದು ಸಹಿಸದು. ಇಲ್ಲಿ ಕೈ ಎತ್ತಿದವರು ಹೆಂಗಸರೇ, ಸುಮ್ಮನಿದ್ದು ಕಾಯ್ದವರು ಗಂಡಸರು. ಸ್ಟಾರ್ ಹಾಕಿ ದಾಟಿಸಬಹುದಾದ ಜಾಗದಲ್ಲಿ ಶಾನಭಾಗರು ನಿಂತು, ಸಾರಿನ ಬಣ್ಣದವರೆಗೆ, ಪರಿಮಳದವರೆಗೆ ಬರೆಯುತ್ತಾರೆ. ಕಾದಂಬರಿಯ ಕೊನೆಗೆ ಅನಿತಾಳಿಗೆ ಏನಾಯಿತೆಂದು ಯಾರೂ ಹೇಳುವುದಿಲ್ಲ. ಅವಳ ಗಂಡ ಕಾಫಿಹೌಸಿನಲ್ಲಿ ಕೂತಿರುತ್ತಾನೆ. ಅಷ್ಟು ಹೊತ್ತಿಗೆ ಅವನ ಸುಮ್ಮನಿರುವಿಕೆ ಏನನ್ನೆಲ್ಲ ಮಾಡಬಲ್ಲದೆಂದು ಓದುಗರಿಗೆ ಗೊತ್ತಾಗಿರುತ್ತದೆ.

ಹಳೆಯ ಕಥೆಗಳಿಂದ ಇಲ್ಲಿಗೆ ನಾನು ಕಂಡ ದೊಡ್ಡ ಬದಲಾವಣೆ ಇದು. ಆಗಿನ ಕಥೆಯಲ್ಲಿ ಹೊಡೆಯುವವನು ಒಬ್ಬ ಇರುತ್ತಿದ್ದ, ಕುಡುಕ ಅಥವಾ ಸಂಶಯದವನು, ಅವನನ್ನು ಬೈದುಕೊಂಡು ಪುಟ ಮಗುಚಬಹುದಿತ್ತು. ಈಗಿನ ಒಳ್ಳೆಯ ಕಥೆಯಲ್ಲಿ ಹಿಂಸೆ ಕಥೆ ಹೇಳುವವನ ಬಾಯಿಂದಲೇ ಬರುತ್ತದೆ, ಅವನು ನಮ್ಮ ಹಾಗೇ ಮಾತಾಡುತ್ತಾನೆ, ನಾವು ತಲೆದೂಗುತ್ತ ಅವನ ಜೊತೆ ಅರ್ಧ ದಾರಿ ಹೋಗಿರುತ್ತೇವೆ. ವಸುಧೇಂದ್ರರ 'ಮೋಹನಸ್ವಾಮಿ'ಯೂ 2013ರದ್ದೇ. ಗಂಡನ್ನು ಪ್ರೀತಿಸುವ ಒಬ್ಬ ಗಂಡಸು ಚಿಕ್ಕಂದಿನಿಂದ ಕೇಳಿಸಿಕೊಂಡು ಬಂದ ಗೇಲಿಯನ್ನು ಓದುವಾಗ, ನಮ್ಮ ಬೀದಿಯ ಅಂಥ ಹುಡುಗನೊಬ್ಬನನ್ನು ಕಂಡು ನಾವು ನಕ್ಕದ್ದು ನೆನಪಾಗಿ ನನಗೆ ಪುಸ್ತಕ ಕೆಳಗಿಡಬೇಕಾಯಿತು. ಅದನ್ನು ಹಿಂಸೆ ಎಂದು ನಾವು ಕರೆದಿರಲಿಲ್ಲ, ತಮಾಷೆ ಅಂದಿದ್ದೆವು.

ಬಾನು ಮುಷ್ತಾಕ್ ಅವರ ಕಥೆಗಳನ್ನು ನಾನು ಅಂತಾರಾಷ್ಟ್ರೀಯ ಬೂಕರ್ ಬರುವ ಮೊದಲೇ ಓದಿದ್ದೆ. 2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿಯವರ ಅನುವಾದದಲ್ಲಿ ಅವರ ಹನ್ನೆರಡು ಕಥೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದಾಗ 'ಎದೆಯ ಹಣತೆ' ಕಥೆಯನ್ನು ಮತ್ತೆ ತೆಗೆದೆ. ಗಂಡ ಬೇರೊಬ್ಬಳ ಹಿಂದೆ ಹೋದನೆಂದು ಕೈಕೂಸು ಎತ್ತಿಕೊಂಡು ತವರಿಗೆ ಬರುವ ಮೆಹರುನ್‌ಳನ್ನು ಅಣ್ಣತಮ್ಮಂದಿರು ತಾವೇ ಕರೆದೊಯ್ದು ಗಂಡನ ಮನೆಗೆ ಬಿಟ್ಟು ಬರುತ್ತಾರೆ. ಮನೆತನದ ಮಾನ ಉಳಿಸುವ ಬುದ್ಧಿ ಇದ್ದಿದ್ದರೆ ಮೈಗೆ ಬೆಂಕಿ ಹಚ್ಚಿಕೊಳ್ಳುತ್ತಿದ್ದೆ, ಇಲ್ಲಿಗೆ ಬರುತ್ತಿರಲಿಲ್ಲ ಎಂಬ ಅರ್ಥದ ಮಾತನ್ನು ತವರಿನಲ್ಲೇ ಕೇಳುತ್ತಾಳೆ. ಆ ರಾತ್ರಿ ಸೀಮೆಎಣ್ಣೆಯ ಡಬ್ಬ ಹಿಡಿದು ಹೊರಗೆ ಬಂದಾಗ ಅವಳು ಮಾಡಹೊರಟಿರುವುದು ತವರಿನವರು ಹೇಳಿಕೊಟ್ಟ ಕೆಲಸವನ್ನೇ. ನಾನು ತಿದ್ದಿದ ಹಳೆಯ ಕಥೆಗಳಲ್ಲಾಗಿದ್ದರೆ ಇಲ್ಲಿಗೆ ಸ್ಟಾರ್ ಬೀಳುತ್ತಿತ್ತು, ಬೆಳಗಾದರೆ ಜನ ಸೇರುತ್ತಿದ್ದರು. ಇಲ್ಲಿ ದೊಡ್ಡ ಮಗಳು ಸಲ್ಮಾ ಕೂಸನ್ನು ಎತ್ತಿಕೊಂಡು ಓಡಿ ಬಂದು ಅಮ್ಮನನ್ನು ತಡೆಯುತ್ತಾಳೆ. ನಾದಿರಾಳ ಕೆರೆಯ ದಂಡೆಯಲ್ಲಿ ಯಾರೂ ಇರಲಿಲ್ಲ. ಸಲ್ಮಾ ತಡೆದಳೆಂದ ಮಾತ್ರಕ್ಕೆ ಮೆಹರುನ್‌ಳ ಮನೆ ನೆಟ್ಟಗಾಗುವುದಿಲ್ಲ, ಬಾನು ಅವರು ಹಾಗೆಂದು ಎಲ್ಲೂ ಹೇಳುವುದೂ ಇಲ್ಲ. ಬೆಳಗಾದರೆ ಅದೇ ಗಂಡ, ಅದೇ ಅಣ್ಣತಮ್ಮಂದಿರು. ಆದರೂ ಸಾವಿನಿಂದ ಕಥೆ ಮುಗಿಸುವ ಸುಲಭವನ್ನು ಆಕೆ ಬಿಟ್ಟುಕೊಟ್ಟದ್ದು ನನಗೆ ದೊಡ್ಡದಾಗಿ ಕಂಡಿತು. ಸತ್ತವಳಿಗೆ ಮರುಗುವುದು ಹಗುರ, ಬದುಕಿ ಉಳಿದವಳ ಜೊತೆ ಮಾರನೆಯ ದಿನ ನಲ್ಲಿಯ ಹತ್ತಿರ ನಿಲ್ಲಬೇಕಾಗುತ್ತದೆ.

ನಿವೃತ್ತಳಾದ ಮೇಲೂ ಒಂದು ಕಥಾಸ್ಪರ್ಧೆಗೆ ಬರುವ ಕಥೆಗಳ ಮೊದಲ ಸುತ್ತಿನ ಓದನ್ನು ಮಾಡಿಕೊಡುತ್ತೇನೆ. ಈಗ ಲಕೋಟೆ ಇಲ್ಲ, ಎಲ್ಲ ಇಮೇಲಿನಲ್ಲಿ, ಯುನಿಕೋಡಿನಲ್ಲಿ. ವಿಷಾದಪತ್ರವೂ ಇಲ್ಲ, ಬರದಿದ್ದರೆ ಬರಲಿಲ್ಲ ಅಷ್ಟೆ. ಬರೆಯುವವರಲ್ಲಿ ಹೆಚ್ಚಿನವರು ಮೂವತ್ತರ ಆಸುಪಾಸು. ಅವರ ಕಥೆಗಳಲ್ಲಿ ಬಾವಿ ಇಲ್ಲ, ಸ್ಟವ್ ಇಲ್ಲ. ಒಂದರಲ್ಲಿ ಸೊಸೆಯ ಎಟಿಎಂ ಕಾರ್ಡು ಅತ್ತೆಯ ಬೀರುವಿನಲ್ಲಿರುತ್ತದೆ. ಕಚೇರಿಯ ಮೀಟಿಂಗಿನ ನಡುವೆ ಅವಳ ಫೋನಿಗೆ ಓಟಿಪಿ ಬರುತ್ತದೆ, ಹೊರಗೆ ಬಂದು ಅತ್ತೆಗೆ ಆರು ಅಂಕಿ ಓದಿ ಹೇಳಿ 'ಸರಿ ಅಮ್ಮ' ಎಂದು ಮತ್ತೆ ಒಳಗೆ ಹೋಗುತ್ತಾಳೆ. ಅಷ್ಟೇ ಕಥೆ. ಇನ್ನೊಂದರಲ್ಲಿ ಗಂಡ ಒಮ್ಮೆಯೂ ದನಿ ಏರಿಸುವುದಿಲ್ಲ, ಅವಳು ತಡವಾಗಿ ಬಂದಾಗಲೆಲ್ಲ ಊಟ ಬಿಟ್ಟು ಮಲಗುತ್ತಾನೆ. ಮತ್ತೊಂದು ಅಪಾರ್ಟ್‌ಮೆಂಟಿನದು. ಮನೆಗೆಲಸದಾಕೆಯ ಲೋಟ ಸಿಂಕಿನ ಕೆಳಗೆ, ಫಿನಾಯಿಲ್ ಬಾಟಲಿಯ ಪಕ್ಕ ಇರುತ್ತದೆ. ಆ ಮನೆಯ ಮಗು ಒಂದು ದಿನ ಅದರಲ್ಲಿ ನೀರು ಕುಡಿದಾಗ ನಡೆಯುವ ಗದ್ದಲವನ್ನು ಬರೆದ ಹುಡುಗನಿಗೆ 'ಒಡಲಾಳ'ದ ಪೊಲೀಸರ ಜಾಲಾಟ ಗೊತ್ತಿತ್ತೋ ಏನೋ, ಬೇರು ಅಲ್ಲಿಯದೇ ಅನ್ನಿಸಿತು. ಹಳ್ಳಿಯ ಹೊರಗೇರಿಯಲ್ಲಿ ನಾವು ಗುರುತಿಸುತ್ತಿದ್ದದ್ದನ್ನು ಹದಿನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ ಆತ ಗುರುತಿಸಿದ್ದ.

ಎಲ್ಲವೂ ಹೀಗಿರುವುದಿಲ್ಲ. ಪರದೆಯ ಮೇಲಿನ ಅಪರಾಧ ಸರಣಿಗಳನ್ನು ನೋಡಿ ಬೆಳೆದ ಒಂದು ಬಗೆಯ ಬರಹ ಈಗ ಹೆಚ್ಚಾಗಿದೆ. ಚಾಕು ಎಷ್ಟು ಆಳಕ್ಕೆ ಹೋಯಿತು, ರಕ್ತ ಯಾವ ದಿಕ್ಕಿಗೆ ಚಿಮ್ಮಿತು ಎಂದೆಲ್ಲ ಎರಡು ಪುಟ ಬರೆಯುತ್ತಾರೆ. ಮೂರು ಸ್ಟಾರಿನ ಕಾಲದಲ್ಲಿ ಓದುಗರು ಮುಖ ತಿರುಗಿಸಿಕೊಳ್ಳುತ್ತಿದ್ದರು, ಇವರ ಕಥೆಯಲ್ಲಿ ಕಣ್ಣು ಪಿಳುಕಿಸದೆ ನೋಡುತ್ತಾರೆ. ಏಟು ತಿಂದವಳು ಎರಡರಲ್ಲೂ ಕಾಣುವುದಿಲ್ಲ. ಇದರ ಎದುರು ತುದಿಯಲ್ಲಿ ಸೂಕ್ಷ್ಮವಾಗಿ ಬರೆಯಬೇಕೆಂಬ ಹಟದವರಿದ್ದಾರೆ. ಒಡೆದ ಕಪ್ಪು, ಆರಿದ ಕಾಫಿ, ಕಿಟಕಿಯಾಚೆಯ ಮಳೆ. ಎಂಟು ಪುಟ ಓದಿದ ಮೇಲೂ ಯಾರು ಯಾರಿಗೆ ಏನು ಮಾಡಿದರು ಎಂದು ತಿಳಿಯದು. ಅದೂ ಮೂರು ಸ್ಟಾರೇ, ಎಂಟು ಪುಟದಷ್ಟು ಉದ್ದದ್ದು. ಇಂಥವನ್ನು ನಾನು ಮುಂದಿನ ಸುತ್ತಿಗೆ ಕಳಿಸುವುದಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ, ಅಂದರೆ 2019ರಿಂದ 21ರ ಅವಧಿಯಲ್ಲಿ, ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ಹೇಳಿದ್ದಾರೆ. ಅದರ ಹಿಂದಿನ ಸುತ್ತಿನಲ್ಲಿ ಈ ಪ್ರಮಾಣ ಶೇ 20ರ ಆಸುಪಾಸು ಇತ್ತು. ಬಾಗಿಲು ತಗುಲಿತು ಅನ್ನದೆ ಹೊಡೆದ ಅನ್ನುವವರು ಹೆಚ್ಚಾಗಿರುವುದೂ ಈ ಏರಿಕೆಗೆ ಒಂದು ಕಾರಣ ಎಂದು ನಾನು ನಂಬಿದ್ದೇನೆ. ನೂರಕ್ಕೆ ನಲವತ್ತನಾಲ್ಕು ಅಂದರೆ ನಮ್ಮ ವಠಾರದ ಆರು ಮನೆಯಲ್ಲಿ ಎರಡೂವರೆಗೂ ಹೆಚ್ಚು. ನಮಗೆ ಗೊತ್ತಿದ್ದದ್ದು ಮೂರನೇ ಮನೆ ಒಂದೇ. ಉಳಿದ ಮನೆಗಳಲ್ಲೂ ರೇಡಿಯೊ ಇತ್ತು.

ಮೂರನೇ ಮನೆಯವರು 1988ರಲ್ಲಿ ಖಾಲಿ ಮಾಡಿಕೊಂಡು ಹೋದರು. ವಠಾರವನ್ನು ಕೆಡವಿ ಈಗ ಅಲ್ಲಿ ನಾಲ್ಕು ಮಹಡಿಯ ಕಟ್ಟಡ ಬಂದಿದೆ. ಗೋಡೆಗಳು ತಾರಸಿಯವರೆಗೆ ಇವೆ, ಏನೂ ಕೇಳಿಸದು. ಅಮ್ಮ ತೀರಿಕೊಳ್ಳುವ ಮೊದಲಿನ ವರ್ಷ, ಮರೆವು ಶುರುವಾಗಿದ್ದಾಗ, ಒಂದು ರಾತ್ರಿ ಎದ್ದು ಕೂತು "ರೇಡಿಯೊ ಹಾಕೇ" ಅಂದಿದ್ದರು. ಮನೆಯಲ್ಲಿ ರೇಡಿಯೊ ಇರಲಿಲ್ಲ. ಏನು ಕೇಳಿಸಿತು ಅಮ್ಮ ಎಂದೆ. ಉತ್ತರ ಕೊಡಲಿಲ್ಲ.

ಆ ಕಥೆ ಅಚ್ಚಾದ ಸಂಚಿಕೆ ನನ್ನ ಹತ್ತಿರ ಇದೆ. ಗೆರೆ ಹಾಳೆಯ ಹಸ್ತಪ್ರತಿ ಕಚೇರಿಯ ರದ್ದಿಗೆ ಹೋಯಿತು. ಆದರೆ ಮೂರು ಸಲ ಓದಿ ತಿದ್ದಿದ್ದನ್ನು ಕರಡು ತಿದ್ದುವವರು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ. ಆ ಎಂಟು ಸಾಲಿನಲ್ಲಿ ಇದ್ದದ್ದು ಇಷ್ಟು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಗಂಡ ಕೂತಲ್ಲಿಂದಲೇ ಎಡಗೈಯಲ್ಲಿ ಬಾರಿಸುತ್ತಾನೆ, ಬಲಗೈ ಎಂಜಲು. ಅವಳ ಕೈಯಲ್ಲಿದ್ದ ಸೌಟು ಬಿದ್ದು ನೆಲದ ಮೇಲೆ ಅನ್ನ ಚೆಲ್ಲುತ್ತದೆ. ಬಾಗಿಲಲ್ಲಿ ನಿಂತಿದ್ದ ಸಣ್ಣ ಮಗಳು ಒಳಗೆ ಹೋಗಿ ಒರೆಸುವ ಬಟ್ಟೆ ತರುತ್ತಾಳೆ, ಯಾರೂ ಹೇಳದೆ, ಎಲ್ಲಿದೆಯೆಂದು ಹುಡುಕದೆ. ಇಬ್ಬರೂ ಸೇರಿ ಅಗುಳು ಬಳಿಯುತ್ತಾರೆ. ಗಂಡ ಉಣ್ಣುವುದನ್ನು ಮುಂದುವರಿಸುತ್ತಾನೆ. ಅವನ ಗಂಗಾಳದಲ್ಲಿ ಅನ್ನ ಮುಗಿಯುತ್ತ ಬಂದಿರುವುದನ್ನು ಕಂಡು ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳುತ್ತಾಳೆ:

"ಮಜ್ಜಿಗಿ ನೀಡ್ಲೇನ್ರಿ?"